ಹನ್ನೊಂದು ಯೂನಿಟ್

ಹೊತ್ತು ಹುಟ್ಟೂದ್ರಾಗ ಮುಗಸಬೇಕು.
ಕಾದ ಗಾಜಿಗೆ ತಣ್ಣೀರು ತಾಕಿದ್ರ
ಕೂದಲೆಳಿಯಷ್ಟು ಸೀಳತೈತಿ, ಕಣ್ಣಿಗೆ ಕಾಣೂದಿಲ್ಲ,
ಲೆಕ್ಕದಾಗ ಕಾಣತೈತಿ, ಅಂತಾನ ಕಾಯ್ತಾನ.
ಅದಕ್ಕ ನಾನು ಮಾಬೂಬಿ ಇಬ್ಬರೂ
ಬೈನಾದಿಂದ ನಾಲ್ಕೂವರೀಗೇ ಹೊರಡ್ತೀವಿ.
ಆಸ್ಪತ್ರಿ ಮಾಳಿಗಿ ಮ್ಯಾಲ ಎಂಟನೂರಾ ನಲವತ್ತು ಹಲಗಿ,
ಉದ್ದ ಕೋಲು, ಅದಕ್ಕೊಂದು ರಬ್ಬರಿನ ತುಟಿ, ಒಂದು ಪೈಪು.
ಶಾಲಿ ಹಲಗಿ ಒರಸಿದ್ದು ಎರಡ ವರ್ಷ,
ಇವನ್ನ ಒರಸಾಕತ್ತು ಮೂರಾತು.

ವಾಸ್ಕೋದಾಗ ಗಾಜಿನ ಮ್ಯಾಲ ಬೀಳೂದು ಬರೇ ಧೂಳಲ್ಲ.
ಸಮುದ್ರದ ಉಪ್ಪು ಮೊದಲ ಕೂಡತೈತಿ, ಅಂಟಂಟು,
ಅದರ ಮ್ಯಾಲ ಬಂದರದ ಕರೇ ಪುಡಿ.
ಹಡಗಿನಿಂದ ಇಳದ ಕಲ್ಲಿದ್ದಲು
ವ್ಯಾಗನ್ ತುಂಬಿ ಘಟ್ಟಾ ಹತ್ತಿ ನಮ್ಮ ಕಡೀಗೇ ಹೋಗತೈತಿ,
ಹೋಗೂ ಮುಂದ ಒಂದ ಮುಷ್ಟಿ ಇಲ್ಲಿ ಉಗ್ಗಿ.
ಮಾಬೂಬಿ ನಗತಾಳ: ನೋಡs, ಹಳೇ ಸವತಿ
ಹೊಸಾಕಿ ಮಾರಿಗೆ ಮಸಿ ಬಳದು ಹೋಗ್ಯಾಳ.

ಒಂದಿನ ಇಂಜಿನಿಯರ್ ಬಾಯಿ, ಉರ್ಮಿಳಾ ವೇರ್ಣೇಕರ, ಸಣ್ಣ ಹುಡುಗಿ,
ನಮ್ಮನ್ನ ತಳಮನಿಗೆ ಕರಕೊಂಡು ಹ್ವಾದಳು.
ತಣ್ಣನ ಖೋಲಿ. ಕಪಾಟಿನಂಥ ಬಿಳೇ ಪೆಟ್ಟಿಗಿ ಸಾಲು.
ಹಗಲಿನ ಬಿಸಲು ಇದರಾಗ ಕುಂತು
ರಾತ್ರಿ ದಿನ ತುಂಬದ ಕೂಸಿನ
ಗಾಜಿನ ತೊಟ್ಟಲಾ ಬೆಚ್ಚಗ ಇಡತೈತಿ, ಅಂದಳು.
ನಾ ಕಿವಿ ಹಚ್ಚಿ ಕೇಳಿದೆ.
ಹೊಟ್ಟಿ ತುಂಬಿದ ಎಮ್ಮಿ ಕತ್ತಲಾಗ
ಮೆಲಕ ಹಾಕೂ ಸಪ್ಪಳ.

ಆಮ್ಯಾಲ ಪರದಿ ಮ್ಯಾಲ ಅಂಕಿ ತೋರಿಸಿದಳು.
ತೊಳೀದ ದಿನ ಇಷ್ಟು, ತೊಳದ ದಿನ ಇಷ್ಟು.
ಪಡುವಣ ಸಾಲ ಒಂದರಾಗs
ಹನ್ನೊಂದು ಯೂನಿಟ್ ಹೆಚ್ಚಿಗಿ, ಮೌಶಿ, ಇದು ನಿಮ್ಮ ಕೈದು.

ನನ್ನ ಕೈದು.
ಯಾರ ಖಾತೇಕ್ಕ ಹೋಗತಾವ ಇವು? ಕೇಳಿದೆ.
ಆಕಿ ಪೆನ್ನಿನ ಟೊಪ್ಪಿಗಿ ಕಚ್ಚಿಕೋತ ನಿಂತಳು.
ಕಾಯ್ತಾನ ಮಾತ್ರ ಜೋರ ನಕ್ಕ.

ನಮ್ಮ ಖೋಲಿಗೆ ಮೀಟರಿಲ್ಲ. ಮಾಲಕನ ತಂತಿ,
ಒಂದು ಬಲ್ಬು, ಒಂದು ಫ್ಯಾನು, ತಿಂಗಳಾ ಆರನೂರು,
ರಾತ್ರಿ ಹನ್ನೊಂದಕ್ಕ ಬಟನ್ ಅವನ ಕೈಯಾಗ.

ಜೂನಿಗೆ ಮಳಿ ಹಿಡೀತು.
ನಾ ನಾಲ್ಕ ತಾಸು ತಿಕ್ಕೂದನ್ನ ಅದು
ನಾಲ್ಕ ನಿಮಿಷದಾಗ ತಿಕ್ಕತೈತಿ, ಪಗಾರಿಲ್ಲದs.
ಸಪ್ಟೆಂಬರಕ್ಕ ಬಾ, ಅಂದ ಕಾಯ್ತಾನ, ಕಣ್ಣ ತಪ್ಪಿಸಿ.
ಮಾಬೂಬಿ ಸಿಗಡಿ ಸುಲಿಯಾಕ ಹ್ವಾದಳು.
ಗದಗಿನಿಂದ ತಮ್ಮ ಫೋನ್ ಮಾಡಿದ:
ಗುಡ್ಡದ ಪಂಖಾ ಹುಚ್ಚ ಹಿಡದಂಗ ತಿರಗಾಕತ್ತಾವ, ಅಕ್ಕಾ,
ನಂದು ಎರಡು ಪಾಳಿ ಕಾವಲು.
ಹಂಗಾದ್ರ ಇಲ್ಲಿ ಬಿಸಲಿಲ್ಲದಾಗ ಅಲ್ಲಿ ಗಾಳಿ,
ತಂತಿಯೊಳಗ ಒಬ್ಬರಿಗೊಬ್ಬರ ಕೈಗಡ.
ನನಗ ಕೊಡವರು ಯಾರೂ ಸಿಗಲಿಲ್ಲ.

ಆ ಪೆಟ್ಟಿಗಿ ತಡಿಯೂದು ಒಂದ ರಾತ್ರಿ.
ಮೂರ ತಿಂಗಳಾ ತಡೀಬೇಕು ನನ್ನ ಡಬ್ಬಿ,
ಸಾಸಿವಿ ಕೆಳಗ ಐನೂರರ ನೋಟು, ವಾರಕ್ಕೊಂದು ಕಡಿಮಿ.
ಮಗಳು ಮಲಗಿದ ಮ್ಯಾಲ ಮುಚ್ಚಳಾ ತಗದು ನೋಡ್ತೀನಿ
ಎಷ್ಟ ಪರ್ಸೆಂಟ್ ಉಳದೈತಿ.

ಮೊನ್ನಿ ಗಾಳಿಗೆ ಕಂಬ ಬಿದ್ದು
ಇಡೀ ಊರ ಕತ್ತಲಾತು. ಬಂದರ ಸೈತ.
ದಿನ್ನಿ ಮ್ಯಾಲ ಆಸ್ಪತ್ರಿ ಒಂದs
ಕಿಡಕಿ ಕಿಡಕಿ ಬೆಳಗತಿತ್ತು.
ಅದು ಮೇ ತಿಂಗಳ ಬಿಸಲಲ್ಲ, ಅಷ್ಟ ದಿನ ಇರೂದಿಲ್ಲ,
ನನಗ ಗೊತ್ತೈತಿ.
ಆದ್ರೂ ಮಗಳನ್ನ ಎಬ್ಬಿಸಿ ಬಾಗಲಿಗೆ ತಂದು
ಅಲ್ಲಿ ಒಂದು ನಂದು, ಅಂದೆ.
ಯಾವದಬೇ?
ಎಡಕ್ಕಿಂದ ಮೂರನೇದು, ಅಂದೆ,
ಸುಳ್ಳs.