ಒರಸ್ಬ್ಯಾಡ ಕಣಮ್ಮಿ

ಕಾರ್ಖಾನೆ ಕಬ್ಬು ಅರೆಯಲು ಶುರುವಾದರೆ
ಮಂಡ್ಯದ ಮೇಲೆ ಬೂದಿ ಇಳಿಯುತ್ತಿತ್ತು.
ಚಿಮಣಿಯಿಂದೆದ್ದು ಗಾಳಿ ಬೀಸಿದತ್ತ ತೇಲಿ
ಒಣಹಾಕಿದ ಪಂಚೆ, ಹಪ್ಪಳ, ಹಾಲಿನ ಕೆನೆ
ಯಾವುದನ್ನೂ ಬಿಡದೆ.
ನುಸಿಯಷ್ಟು ಹಗುರ.
ಬೆರಳು ಸೋಕಿದರೆ ಮಾತ್ರ ಮಸಿ.

ಎಂಟನೇ ಕ್ಲಾಸಿನ ಆಷಾಢದಲ್ಲಿ
ನನ್ನ ಬಿಳಿ ರಿಬ್ಬನ್ನಿನ ಮೇಲೆ ಒಂದು ಚೂರು ಕೂತಿತ್ತು.
ಕೈಯೆತ್ತಿದೆ. ನೀನು ತಡೆದೆ:
"ಒರಸ್ಬ್ಯಾಡ ಕಣಮ್ಮಿ, ಊದು.
ಒರಸಿದ್ರೆ ಉಳ್ಕತದೆ."
ನನ್ನ ರಿಬ್ಬನ್ನು ನನ್ನ ಬಾಯಿಗೆಲ್ಲಿ ಎಟುಕೀತು?
ನೀನೇ ಊದಿದೆ.

ಅಷ್ಟೇ ನಡೆದದ್ದು.
ಬೇರೆ ಯಾರಿಗೆ ಹೇಳಿದರೂ
ಆಮೇಲೆ? ಅಂತಾರೆ.

ಹಾಜರಿ ಪುಸ್ತಕದಲ್ಲಿ ಹನ್ನೊಂದು ನೀನು, ಹನ್ನೆರಡು ನಾನು.
ಚಂದ್ರಕಲ ಎಚ್.ಪಿ.
ಚನ್ನಾಜಮ್ಮ ಎಸ್.
ಅಜ್ಜಿಯ ಹೆಸರಿಟ್ಟರೆಂದು ಚಿಕ್ಕವಳಿದ್ದಾಗ
ಉಂಡ ತಟ್ಟೆ ದೂಡಿ ಅತ್ತಿದ್ದೆ.
ಈಗ ಆ ಮುದುಕಿಗೆ ಮನಸಲ್ಲೇ ಕೈಮುಗಿಯುತ್ತೇನೆ:
ಪಲ್ಲವಿ ಗಿಲ್ಲವಿ ಅಂತಿಟ್ಟಿದ್ದರೆ
ನಮ್ಮ ನಡುವೆ ದಾಕ್ಷಾಯಿಣಿ, ನೂರ್‌ಜಾನ್, ಪದ್ಮಾವತಿ,
ಇಡೀ ಎರಡು ಬೆಂಚು ಬಂದು ಕೂರುತ್ತಿತ್ತು.
ನಿನ್ನ "ಪ್ರೆಸೆಂಟ್ ಮಿಸ್" ಮುಗಿಯುವಷ್ಟರಲ್ಲಿ
ನನ್ನ ಉಸಿರು ತಯಾರಿರಬೇಕು.
ನೀನು ಬಾರದ ದಿನ
ಮಿಸ್ ನನ್ನನ್ನು ಎರಡು ಸಲ ಕೂಗಬೇಕು.

ಈ ವರ್ಷ ಬೂದಿ ಬೀಳಲಿಲ್ಲ.
ಬಾಯ್ಲರ್ ಕೆಟ್ಟಿದೆ ಅಂದರು, ದುಡ್ಡಿಲ್ಲ ಅಂದರು,
ದೀಪಾವಳಿಗೆ ಅಂದರು, ಸಂಕ್ರಾಂತಿಗೆ ಅಂದರು.
ಕಬ್ಬಿನ ಲಾರಿಗಳು ಗೇಟಿನ ಮುಂದೆ ನಿಲ್ಲದೆ
ಬೇರೆ ಊರಿನ ದಾರಿ ಹಿಡಿದವು.
ಬಿಳಿ ಬಟ್ಟೆ ಬಿಳಿಯಾಗೇ ಒಣಗಿತು.
ಕ್ವಾರ್ಟರ್ಸಿನ ಹೆಂಗಸರು ಅದಕ್ಕೆ ಖುಷಿಪಡಲಿಲ್ಲ.

ನಿಮ್ಮಪ್ಪನಿಗೆ ಐದು ತಿಂಗಳ ಸಂಬಳ ಬಾಕಿ.
ಮನೆ ಬಿಡಿ ಅಂದರೆ ಮೈಸೂರೋ,
ನಿನ್ನ ಸೋದರಮಾವನ ಅಂಗಡಿಯ ಅಟ್ಟವೋ.
ನಮ್ಮಣ್ಣ ಎಮ್ಮೆ ಕಟ್ಟುತ್ತಾ ಹೇಳಿದ:
"ಫಸ್ಟ್ ಕ್ಲಾಸ್ ಬಂದ್ರೆ ಕಾಲೇಜು.
ಇಲ್ದಿದ್ರೆ ಮಳವಳ್ಳಿಯೋರಿಗೆ ಬನ್ನಿ ಅನ್ನದು."
ಎಮ್ಮೆಯ ವಿಷಯ ಹೇಳಿದ ಹಾಗೇ ಹೇಳಿದ.

ಓದುವ ರಜೆ. ನೇರಳೆ ಮರದ ಕೆಳಗೆ ವ್ಯಾಕರಣ.
ಎರಡು ಸ್ವರ ಸೇರಿದರೆ ಒಂದು ಲೋಪವಾಗುತ್ತದೆ,
ಅಥವಾ ನಡುವೆ ಇನ್ನೊಂದು ಅಕ್ಷರ ಬರುತ್ತದೆ.
ಪಕ್ಕಪಕ್ಕ ನಿಂತೂ ಸೇರದೆ
ಇದ್ದ ಹಾಗೇ ಇದ್ದರೆ ಅದು ಪ್ರಕೃತಿಭಾವ.
ಗೈಡಿನಲ್ಲಿ ಎರಡು ಉದಾಹರಣೆ ಕೊಟ್ಟಿದ್ದಾರೆ.
ಮೂರನೆಯದೊಂದನ್ನು ನಾನು ರಫ್ ಬುಕ್ಕಿನಲ್ಲಿ ಬರೆದೆ,
ಹಾಳೆ ಹರಿದೆ,
ಅದರ ಜೊತೆ ಅಂಟಿಕೊಂಡಿದ್ದ ಇನ್ನೊಂದು ಹಾಳೆಯೂ ಕಿತ್ತು ಬಂತು.

"ಮುಂದೆ ಏನ್ ಓದೀಯೆ?"
"ಗೊತ್ತಿಲ್ಲ."
"ಎಲ್ಲಿರ್ತೀಯೆ?"
"ಗೊತ್ತಿಲ್ಲ."
ಮೂರನೇ ಪ್ರಶ್ನೆಯ ಜಾಗದಲ್ಲಿ
ನೀನು ಪೆನ್ಸಿಲು ಕೆತ್ತಿದೆ,
ಆಗಲೇ ಚೂಪಿದ್ದ ಪೆನ್ಸಿಲು.

ಕೊನೇ ಪರೀಕ್ಷೆ. ಹನ್ನೊಂದರ ಹಿಂದೆ ಹನ್ನೆರಡು.
ಮೂರು ಗಂಟೆ ನಿನ್ನ ಜಡೆಯ ಹಿಂದೆ ಕೂತು
ಸಮಾಜ ವಿಜ್ಞಾನ ಬರೆದೆ.
ಹೊರಗೆ ಬಂದರೆ ಸುಟ್ಟ ವಾಸನೆ:
ಕಾಲುವೆಯಾಚೆ ಯಾರೋ ಗದ್ದೆಯಲ್ಲಿ ಕಬ್ಬಿನ ಸೋಗೆಗೆ ಬೆಂಕಿಯಿಟ್ಟಿದ್ದರು.
ಬಿಸಿಲಲ್ಲಿ ಕರಿ ಚೂರುಗಳು, ಅವಸರವಿಲ್ಲದೆ.
ಒಂದು ನನ್ನ ಹಾಲ್ ಟಿಕೆಟ್ಟಿನ ಮೇಲೆ ಇಳಿಯಿತು.

ನಾನು ಕದಲಲಿಲ್ಲ.
ಊದುತ್ತೀಯೆಂದು ಹಾಗೇ ಹಿಡಿದು ನಿಂತೆ.
ನೀನು ಒಮ್ಮೆ ಅದನ್ನು ನೋಡಿದೆ,
ಒಮ್ಮೆ ಹೊಳಲು ಬಸ್ಸು ಬರುವ ದಾರಿ.
ಆಮೇಲೆ ಹೆಬ್ಬೆರಳಿಟ್ಟು
ಒರೆಸಿದೆ.

ನನ್ನ ಹೆಸರಿನ ಈ ತುದಿಯಿಂದ ಆ ತುದಿಗೆ
ಉದ್ದಕ್ಕೆ ಒಂದು ಕರಿ ಗೆರೆ.
ಬಸ್ಸು ಬಂತು.
ಕಂಡಕ್ಟರ್ ಬಾಗಿಲು ಬಡಿಯುತ್ತಿದ್ದ, ಹತ್ತಮ್ಮ ಹತ್ತಮ್ಮ ಅಂತ.