ಬಾವಿ ಸಿಹಿಯಿರುವ ತಿಂಗಳು

ಯಾವ ತಿಂಗಳಲ್ಲಿ ಬಂದರೆ ಒಳ್ಳೆಯದು ಎಂದು
ಕಡವಿನಲ್ಲಿ ನಿಂತು ಕೇಳುತ್ತೀರಿ.
ಹತ್ತಿ ಕೂತುಕೊಳ್ಳಿ, ಹೇಳುತ್ತೇನೆ.
ಚಪ್ಪಲಿ ಕೈಯಲ್ಲಿರಲಿ, ಈಗ ಇಳಿತ.
ನಡುವಿನಲ್ಲಿ ದೋಣಿ ಮರಳಿಗೆ ಕೂತರೆ
ನೀವೂ ಇಳಿದು ದೂಡಬೇಕಾದೀತು.

ಮುಂಡೇವು ಕುದುರಿಗೆ ಪೆರಾರ್ದೆ ತಿಂಗಳು ಚಂದ.
ಕೇಳಿದವರಿಗೆಲ್ಲ ಹಾಗೆಯೇ ಹೇಳುತ್ತ ಬಂದಿದ್ದೇನೆ,
ಸುಳ್ಳಲ್ಲ.
ಶಿರಿಯ ಹೊಳೆಯ ಕೆಂಪು ಅಷ್ಟರಲ್ಲಿ ಇಳಿದಿರುತ್ತದೆ,
ಅಳಿವೆಯ ಬಾಯಿ ಅಲೆದಾಟ ಬಿಟ್ಟು ಒಂದು ಕಡೆ ನಿಂತಿರುತ್ತದೆ,
ಕಾಂಡ್ಲದ ಬೇರಿನ ಮೇಲೆ ಎಲ್ಲಿಂದಲೋ ಬಂದ ಹಕ್ಕಿ
ಒಂಟಿ ಕಾಲಲ್ಲಿ,
ಬಾಕಿ ವಸೂಲಿಗೆ ಬಂದು ಅಂಗಳದಲ್ಲೇ ನಿಂತವನ ಹಾಗೆ.
ಬೆಳಿಗ್ಗೆ ಮಂಜು. ರೈಲು ಸೇತುವೆ ದಾಟುವ ಸದ್ದು
ನೀರಿನ ಮೇಲೆ ನಡೆದು ಬಂದು ಬಾಗಿಲು ತಟ್ಟುತ್ತದೆ.
ಮತ್ತೆ, ಬಾವಿ ಸಿಹಿ.

ಅವರೂ ಆ ತಿಂಗಳಲ್ಲೇ ಬಂದದ್ದು,
ಮಂಜೇಶ್ವರದಿಂದ ಏಳು ಜನ, ಹುಡುಗನ ಮನೆ ನೋಡಲು.
ಅಪ್ಪ ಪಂಚಾಂಗ ಬಿಡಿಸಲಿಲ್ಲ.
ಬಾವಿಗೆ ಕೊಡಪಾನ ಇಳಿಸಿ, ಬೊಗಸೆಯಲ್ಲಿ ಕುಡಿದು,
ನಾಲಿಗೆ ಚಪ್ಪರಿಸಿ,
"ಇನ್ನೊಂದು ತಿಂಗಳು ಹೆದರಿಕೆಯಿಲ್ಲ, ಬರಲಿ" ಎಂದರು.
ಹುಡುಗಿಯ ಮಾವ ಬಟ್ಯಪ್ಪ, ಬಸ್ಸಿನ ಕಂಡಕ್ಟರು,
ನೀರು ಕುಡಿದು ಮನೆತನ ಹೇಳುವವರು.
ಎರಡು ಲೋಟ ಕುಡಿದರು. "ಎಳನೀರು ಮಾರಾಯ್ರೆ" ಎಂದರು.
ಅಮ್ಮನಿಗೆ ಆಗಲೇ ಕೆಮ್ಮು ಬಂದು
ಒಳಗೆ ಹೋದಳು.

ಮಾಯಿಯಲ್ಲಿ ಮದುವೆ.
ಪಗ್ಗು ಹುಟ್ಟಿ ನಾಲ್ಕನೇ ದಿನ
ಪೂವಮ್ಮ ಗಂಜಿಗೆ ಉಪ್ಪು ಎರಡು ಸಲ ಬಿದ್ದಿತೆಂದು
ಚೆಲ್ಲಿ, ಬೇರೆ ಇಟ್ಟಳು.
ಅದೂ ಹಾಗೆಯೇ.
ಬಾವಿಕಟ್ಟೆಗೆ ಹೋಗಿ ಒಂದು ಬೆರಳು ಅದ್ದಿ ನಾಲಿಗೆಗಿಟ್ಟಳು.

ಎಷ್ಟು ದಿನ ಹೀಗೆ?
ಮಳೆ ಬರುವವರೆಗೆ.
ಪ್ರತಿ ವರ್ಷವಾ?
ಕಟ್ಟಿದ ದೋಣಿಯನ್ನೇ ನಾನು ಮತ್ತೊಮ್ಮೆ ಕಟ್ಟುತ್ತಿದ್ದೆ.

ಅಳಲಿಲ್ಲ. ತವರಿಗೆ ಹೋಗಲಿಲ್ಲ.
ಎರಡು ಕೊಡಪಾನ ಹಿಡಿದು ದೋಣಿಯಲ್ಲಿ ಕೂತಳು.
ಮೂಸಕುಂಞಿಯ ಅಂಗಡಿಯ ಹಿಂದಿನ ನಳ್ಳಿಯಲ್ಲಿ ತುಂಬಿಸಿಕೊಂಡು
ವಾಪಸು ಬರುವಾಗ, ನಡುಹೊಳೆಯಲ್ಲಿ,
"ಹೇಳಬಹುದಿತ್ತು" ಎಂದಳು.
ಅಷ್ಟೇ.
ಮೂವತ್ತೊಂದು ವರ್ಷವಾಯಿತು. ದಿನಾ ತೋಡಿ ಚೆಲ್ಲುತ್ತೇನೆ,
ದೋಣಿಯಡಿಯಲ್ಲಿ ಅಷ್ಟು ನೀರು ಉಳಿದೇ ಉಳಿಯುತ್ತದೆ.

ಆ ಬೇಶದಲ್ಲೇ ಒಂದು ರಾತ್ರಿ, ಚಂದ್ರನಿಲ್ಲ,
ನೀರು ಹೊತ್ತು ತಡವಾಗಿ ಬರುತ್ತಿದ್ದೆವು.
ಬಳೆ ತೊಳೆಯಲೆಂದು ಅವಳು ಕೈ ಇಳಿಸಿದಳು.
ಮೊಣಕೈವರೆಗೆ ಬೆಳಕು.
ಕೈ ತೆಗೆದಳು, ಕತ್ತಲೆ. ಇಳಿಸಿದಳು, ಬೆಳಕು.
ನನ್ನ ಹುಟ್ಟಿನ ತುದಿಯಿಂದಲೂ ನೀಲಿ ಕಿಡಿ ಸೋರುತ್ತಿತ್ತು.
ಹುಟ್ಟಿದಂದಿನಿಂದ ಕಂಡ ನಾನು
ಅದನ್ನೂ ಅವಳಿಗೆ ಹೇಳಿರಲಿಲ್ಲ.
ಉಪ್ಪೇರಿದ ತಿಂಗಳಲ್ಲಿ ಮಾತ್ರ ಅದು, ಪೆರಾರ್ದೆಗೆ ಬಂದವರು
ಹಕ್ಕಿ ಎಣಿಸಿ ಹೋಗುತ್ತಾರೆ.

ಹೊಳೆಯಡಿ ಪೈಪು ಹಾಕುತ್ತೇವೆಂದು
ಪಂಚಾಯತಿನವರು ಎರಡು ಸಲ ಕಲ್ಲು ಹಾಕಿದ್ದಾರೆ.
ಒಂದು ಕಲ್ಲಿನ ಮೇಲೆ ಈಗ ಬಲೆ ಒಣಗುತ್ತದೆ.

ಹೋದ ವರ್ಷ ಮಗಳು ನಳಿನಿಯನ್ನು ನೋಡಲು
ಉಪ್ಪಳದವರು ದಿನ ಕೇಳಿದರು.
ನಾನು ಬಾಯಿ ತೆರೆಯುವ ಮೊದಲೇ
"ಬೇಶದಲ್ಲಿ ಬನ್ನಿ" ಎಂದಳು ಇವಳು.
ಬಂದವರಿಗೆ ಸೆಕೆಯಲ್ಲಿ ಬೀಸಣಿಗೆ ಕೊಟ್ಟು,
ಬೆಲ್ಲದ ಜೊತೆಗೆ ಬಾವಿಯ ನೀರನ್ನೇ ಇಟ್ಟಳು.
ದೊಡ್ಡವರು ತುಟಿ ತಾಗಿಸಿ ಲೋಟ ಕೆಳಗಿಟ್ಟರು.
ಹುಡುಗ ಅರ್ಧ ಕುಡಿದು, ಒಳಗೆ ನೋಡಿ,
ಉಳಿದದ್ದನ್ನೂ ಕುಡಿದ.
ಬಾಯಿ ಒರೆಸಿಕೊಂಡು,
"ಕೊನೆಯ ದೋಣಿ ಎಷ್ಟು ಗಂಟೆಗೆ?" ಎಂದ.
ತಪ್ಪಿಸಿಕೊಳ್ಳಲು ಕೇಳಿದ್ದೋ, ಉಳಿಯಲು ಕೇಳಿದ್ದೋ,
ಇನ್ನೂ ತಿಳಿದಿಲ್ಲ. ಮೊಮ್ಮಗುವಿಗೆ ಮೂರು ತಿಂಗಳು.

ಹಾಗಾಗಿ ನಿಮಗೆ ಎಂತ ಹೇಳಲಿ?
ಪೆರಾರ್ದೆ ಎಂದು ನಾಲಿಗೆಯ ತುದಿಗೆ ಬರುತ್ತದೆ, ಅಭ್ಯಾಸ.
ಆಚೆ ದಡದಲ್ಲಿ ಕೊಡಪಾನ ಇಟ್ಟುಕೊಂಡು ನಿಂತದ್ದು ಅವಳೇ,
ಅವಳನ್ನೇ ಕೇಳಿ.
ತಡೆಯಿರಿ. ಕೂತಿತು ಮರಳಿಗೆ.
ಇಳಿಯಿರಿ, ಮೊಣಕಾಲಷ್ಟೇ ನೀರು.
ಬಲಕ್ಕೆ ಹಿಡಿದು ದೂಡಿ.