ಕೊಂಡಿ

ಸೆಡೂನಾದ ಬಂಕಿನ ಫಲಕದಲ್ಲಿ
ಡೀಸೆಲ್ಲಿನ ಅಂಕಿ ಮತ್ತೆ ಬದಲಾಗಿತ್ತು.
ಮರ್ವಿನ್ ಕಣ್ಣು ಕಿರಿದು ಮಾಡಿ ನೋಡಿದ,
ಕನ್ನಡಕ ತಂದಿಲ್ಲ ಎಂದ. ತಂದಿದ್ದ.

ವರ್ಷಕ್ಕೆ ಹನ್ನೊಂದು ಸಲ ದೋಣಿ ಎಳೆಯುವುದಕ್ಕೆ
ಉಳಿದ ಮುನ್ನೂರೈವತ್ತನಾಲ್ಕು ದಿನ ಈ ಆನೆ ಸಾಕಬೇಕೆ?
ಬ್ರೆಡ್ಡು ತರಲೂ ಇದೇ, ಹಲ್ಲಿನ ಡಾಕ್ಟರಿಗೂ ಇದೇ,
ಎಂದು ಹಳೇ ಬಿಲ್ಲಿನ ಬೆನ್ನಿಗೆ ಲೆಕ್ಕ ಬರೆದೆ.
ಅವನು ಒಪ್ಪಿಬಿಟ್ಟ. ಹೆದರಿಕೆಯಾಯಿತು.

ನಾನೂರು ಕಿಲೋಮೀಟರು ಡೀಸೆಲ್ ಸುಟ್ಟು
ಪೋರ್ಟ್ ಲಿಂಕನ್ನಿಗೆ ಹೋದೆವು,
ಉಳಿತಾಯದ ಕಾರು ನೋಡಲು.
ಮಾರುವ ಹುಡುಗ ಬಾಗಿಲು ತೆಗೆದ, ಮುಚ್ಚಿದ:
ಬಿಸ್ಕತ್ತಿನ ಡಬ್ಬಿಯ ಸದ್ದು.
ಮರ್ವಿನ್ ಹಿಂದಕ್ಕೆ ಹೋಗಿ, ಬಗ್ಗಿ,
ಬಂಪರಿನ ಕೆಳಗೆ ಕೈಯಾಡಿಸಿದ,
ಉದುರಿದ ಹಲ್ಲಿನ ಜಾಗವನ್ನು
ನಾಲಿಗೆ ತಡವುವಂತೆ.

ನಮ್ಮ ಪಿಕಪ್ಪಿಗೆ ಅಲ್ಲೊಂದು ಕಬ್ಬಿಣದ ಗುಂಡಿದೆ,
ಸೀಳಿದ ಟೆನಿಸ್ ಚೆಂಡು ಅದರ ಟೋಪಿ.
ನನ್ನ ಮೊಣಕಾಲ ಕೆಳಗಿನ ಕಲೆಗಳೆಲ್ಲ ಅದರವೇ.
ಇಪ್ಪತ್ತು ವರ್ಷ ಬೈದಿದ್ದೇನೆ.

ಬೀದಿಯಲ್ಲಿ ಈಗ ಉಳಿದದ್ದು ಇದೊಂದೇ.
ಸಣ್ಣ ಕಾರು ಕೊಂಡ ಜಾಣರೆಲ್ಲ
ಶನಿವಾರ ಬೆಳಿಗ್ಗೆ ಬೇಲಿಯಾಚೆ ನಿಂತು ಕೆಮ್ಮುತ್ತಾರೆ:
ಒಂದು ಲೋಡು ಮರಳು,
ಮಗಳ ಫ್ರಿಜ್ಜು,
ಕುದುರೆಗೆ ಕಾಲುನೋವು.
ಡೀಸೆಲ್ಲಿಗೆಂದು ಯಾರೂ ಕೈ ಬಿಚ್ಚುವುದಿಲ್ಲ;
ಲೋರ್ನಾ ಮಾತ್ರ ಆರು ಮೊಟ್ಟೆ ಇಟ್ಟು ಹೋಗುತ್ತಾಳೆ.

ಮೊಟ್ಟೆಯನ್ನೂ ಲೆಕ್ಕಕ್ಕೆ ಹಿಡಿದೆ. ಆದರೂ ತಾಳೆಯಾಗಲಿಲ್ಲ.
ಚೀಟಿ ಡ್ಯಾಶ್‌ಬೋರ್ಡಿನ ಮೇಲೆ ಬಿದ್ದಿದೆ,
ಬಿಸಿಲಿಗೆ ಶಾಯಿ ಮಾಸುತ್ತಿದೆ.
ನಾಳೆ ಗಾಳಿ ಕಡಿಮೆಯಂತೆ.
ಬಾ, ಇನ್ನೂ ಬಾ, ಸಾಕು ಎಂದು
ದೋಣಿಯ ಪಕ್ಕ ನಿಂತು ಕೈ ಬೀಸಲು
ಐದಕ್ಕೇ ಏಳಬೇಕು ನಾನು.